ನೀವೇ ಕಟ್ಟಿದ ಕರ್ನೆಲ್ ಬೂಟ್ ಆಗದಿದ್ದಾಗ: ಯಾವ ದಾರಿಯನ್ನು ಯಾವಾಗ ಹಿಡಿಯಬೇಕು

ಸ್ವತಃ ಕಾನ್ಫಿಗರ್ ಮಾಡಿ, ಗಂಟೆಗಟ್ಟಲೆ ಕಾದು ಕಂಪೈಲ್ ಮಾಡಿದ ಲಿನಕ್ಸ್ ಕರ್ನೆಲ್ (ವ್ಯವಸ್ಥೆಯ ತಿರುಳು) ಮೊದಲ ಬೂಟಿನಲ್ಲೇ ನಿಂತುಹೋದಾಗ ಕೈಕಾಲು ಆಡದಂತಾಗುವುದು ಸಹಜ. ಆದರೆ ಆ ಗಳಿಗೆಯಲ್ಲಿ ನಿಜವಾಗಿ ಹಾಳಾಗಿರುವುದು ಬಹಳ ಕಡಿಮೆ. ಹೆಚ್ಚಿನ ಸಂದರ್ಭಗಳಲ್ಲಿ ಹೊಸ ಕರ್ನೆಲ್ ನಿಮ್ಮ ಡಿಸ್ಕನ್ನು ತೆರೆಯುವ ಹಂತವನ್ನೇ ಮುಟ್ಟಿರುವುದಿಲ್ಲವಾದ್ದರಿಂದ ಅದರಲ್ಲಿರುವ ಕಡತಗಳು ಇದ್ದ ಹಾಗೆಯೇ ಇರುತ್ತವೆ. ಹೆಚ್ಚಿನ ಹಾನಿ ಆಗುವುದು ಆಮೇಲೆ, ಗಾಬರಿಯಲ್ಲಿ ಸಿಕ್ಕಿದ ಉಪಾಯಗಳನ್ನೆಲ್ಲ ಒಂದರ ಮೇಲೊಂದು ಪ್ರಯೋಗಿಸಿದಾಗ. ಆದ್ದರಿಂದ ಇಲ್ಲಿ ಪ್ರತಿಯೊಂದು ದಾರಿ ಯಾವ ಸ್ಥಿತಿಗೆ ತಕ್ಕದ್ದು, ಎಲ್ಲಿ ಕೈಕೊಡುತ್ತದೆ ಎಂಬುದನ್ನು ಒಂದರ ಪಕ್ಕದಲ್ಲಿ ಒಂದನ್ನಿಟ್ಟು ನೋಡೋಣ. ಆಯ್ಕೆಯನ್ನು ನಿರ್ಧರಿಸುವ ಪ್ರಶ್ನೆಗಳು ಎರಡೇ: ಬೂಟ್ ಸರಿಯಾಗಿ ಯಾವ ಹಂತದಲ್ಲಿ ನಿಂತಿದೆ, ಮತ್ತು ಆ ಯಂತ್ರದ ಕೀಬೋರ್ಡ್ ನಿಮ್ಮ ಕೈಗೆ ಎಟಕುತ್ತದೆಯೇ?

ಎಲ್ಲಿ ನಿಂತಿದೆ ಎಂದು ಮೊದಲು ಓದಿ

ಕರ್ನೆಲ್ಲನ್ನು ಎತ್ತಿ ಚಾಲೂ ಮಾಡುವ ಬೂಟ್ ಲೋಡರಿನ ಹಂತದಲ್ಲೇ ಸಹಿಯ ಬಗ್ಗೆ ತಕರಾರು ಬಂದು ಮೆನುವಿಗೆ ಹಿಂದಿರುಗಿದರೆ ದೋಷ ಕರ್ನೆಲ್ಲಿನದಲ್ಲ. ಸೆಕ್ಯೂರ್ ಬೂಟ್ ಚಾಲ್ತಿಯಲ್ಲಿದೆ, ನೀವು ಕಟ್ಟಿದ ಕರ್ನೆಲ್ಲಿಗೆ ಅದು ಒಪ್ಪುವ ಸಹಿ ಇಲ್ಲ, ಅಷ್ಟೆ. ಫರ್ಮ್‌ವೇರ್ ಸೆಟ್ಟಿಂಗಿನಲ್ಲಿ ಅದನ್ನು ತಾತ್ಕಾಲಿಕವಾಗಿ ನಿಲ್ಲಿಸಬಹುದು. ಇಲ್ಲವೇ ನಿಮ್ಮದೇ ಕೀಲಿಯನ್ನು ಮೋಕ್‌ಯುಟಿಲ್ ಎಂಬ ಉಪಕರಣದ ಮೂಲಕ ನೋಂದಾಯಿಸಿ ಕರ್ನೆಲ್ಲಿಗೆ ಸಹಿ ಹಾಕಬಹುದು. ಪದೇ ಪದೇ ಕರ್ನೆಲ್ ಕಟ್ಟುವವರಿಗೆ ನಾನು ಎರಡನೆಯದನ್ನೇ ಹೇಳುತ್ತೇನೆ, ಏಕೆಂದರೆ ಒಮ್ಮೆ ನಿಲ್ಲಿಸಿದ ಸೆಕ್ಯೂರ್ ಬೂಟನ್ನು ನೆನಪಿಟ್ಟುಕೊಂಡು ಮತ್ತೆ ಚಾಲೂ ಮಾಡುವವರು ಕಡಿಮೆ.

ಎಲ್ಲಕ್ಕಿಂತ ಹೆಚ್ಚಾಗಿ ಕಾಣುವ ಸೋಲೆಂದರೆ 'ವಿಎಫ್ಎಸ್: ಅನೇಬಲ್ ಟು ಮೌಂಟ್ ರೂಟ್ ಎಫ್ಎಸ್ ಆನ್ ಅನ್‌ನೋನ್-ಬ್ಲಾಕ್(0,0)' ಎಂಬ ಕರ್ನೆಲ್ ಪ್ಯಾನಿಕ್, ಅಂದರೆ ಮುಂದೆ ಹೋಗಲಾರದೆ ಕರ್ನೆಲ್ ಕೈಚೆಲ್ಲುವ ಸ್ಥಿತಿ. ಈ ಸಾಲಿನ ಕೊನೆಯ ಎರಡು ಅಂಕಿಗಳನ್ನು ಯಾರೂ ಸರಿಯಾಗಿ ನೋಡುವುದಿಲ್ಲ. ನಿಜಕ್ಕೂ ರೋಗದ ಗುರುತು ಇರುವುದು ಅಲ್ಲೇ. ಮೊದಲನೆಯದು ಸಾಧನದ ಮುಖ್ಯ ಸಂಖ್ಯೆ. ಅಲ್ಲಿ 8 ಎಂದಿದ್ದರೆ ಕರ್ನೆಲ್ಲಿಗೆ ಸಾಟಾ ಡಿಸ್ಕು ಸಿಕ್ಕಿದೆ, ಆದರೆ ಅದರ ಮೇಲಿನ ಫೈಲ್ ಸಿಸ್ಟಮ್ ಅರ್ಥವಾಗಿಲ್ಲ. ಅಂದರೆ ಎಕ್ಸ್‌ಟಿ4 ಅಥವಾ ಬಿಟಿಆರ್‌ಎಫ್‌ಎಸ್ ಬೆಂಬಲ ಕರ್ನೆಲ್ಲಿನೊಳಗೆ ಇಲ್ಲ ಎಂದು ಬಹುಮಟ್ಟಿಗೆ ತೀರ್ಮಾನಿಸಬಹುದು. ಎರಡೂ ಸೊನ್ನೆಯಾಗಿದ್ದರೆ ನೀವು ಹೇಳಿದ ರೂಟ್ ಸಾಧನವೇ (ವ್ಯವಸ್ಥೆಯ ಕಡತಗಳಿರುವ ಪಾರ್ಟಿಷನ್) ಅದಕ್ಕೆ ಸಿಕ್ಕಿಲ್ಲ. ಆಗ ಕಣ್ಣನ್ನು ಕೆಲವು ಸಾಲು ಮೇಲಕ್ಕೆ ಹಾಯಿಸಿ. ಪ್ಯಾನಿಕ್ ಆಗುವ ಮುನ್ನ ಕರ್ನೆಲ್ ತನಗೆ ಕಂಡ ಪಾರ್ಟಿಷನ್ನುಗಳ ಪಟ್ಟಿಯನ್ನು ಮುದ್ರಿಸಿರುತ್ತದೆ. ಪಟ್ಟಿ ಖಾಲಿಯಿದ್ದರೆ ಡಿಸ್ಕ್ ನಿಯಂತ್ರಕದ ಡ್ರೈವರ್ ಕರ್ನೆಲ್ಲಿನೊಳಗೆ ಇಲ್ಲ. ಪಟ್ಟಿಯಲ್ಲಿ ನಿಮ್ಮ ಪಾರ್ಟಿಷನ್ ಇದ್ದೂ ಸೊನ್ನೆಗಳು ಬಂದಿದ್ದರೆ ತೊಂದರೆ ಇರುವುದು ಹೆಸರಿನಲ್ಲಿ: ಬೂಟ್ ಲೋಡರ್ ರೂಟನ್ನು ಫೈಲ್ ಸಿಸ್ಟಮ್ಮಿನ ಯುಯುಐಡಿಯಿಂದ (ಗುರುತಿನ ಸಂಖ್ಯೆಯಿಂದ) ಸೂಚಿಸಿದೆ, ಆ ಯುಯುಐಡಿಯನ್ನು ಬಿಡಿಸಿ ಹೇಳಬೇಕಾದ ಇನಿಟ್‌ರಾಮ್‌ಎಫ್‌ಎಸ್, ಅಂದರೆ ರೂಟ್ ಸಿಗುವ ಮುನ್ನ ಮೆಮೊರಿಯಲ್ಲಿ ತೆರೆದುಕೊಳ್ಳುವ ಪುಟ್ಟ ಫೈಲ್ ಸಿಸ್ಟಮ್, ಬಂದೇ ಇಲ್ಲ. ಕರ್ನೆಲ್ಲಿಗೆ ತಾನಾಗಿ ಪಾರ್ಟಿಷನ್ನಿನ ಯುಯುಐಡಿ ಗೊತ್ತಾಗುತ್ತದೆ, ಫೈಲ್ ಸಿಸ್ಟಮ್ಮಿನದು ಗೊತ್ತಾಗುವುದಿಲ್ಲ.

ಇದನ್ನು ನಾನು ಕಲಿತದ್ದು ಒಂದಿಡೀ ಸಂಜೆಯನ್ನು ಕಳೆದುಕೊಂಡು. ಅದೇ ಪ್ಯಾನಿಕ್ ಬಂದಾಗ ನನ್ನ ಎನ್‌ವಿಎಂಇ ಡಿಸ್ಕಿನ ಡ್ರೈವರ್ ಇಲ್ಲವೆಂದೇ ನಂಬಿ, ಅದನ್ನು ಕರ್ನೆಲ್ಲಿನೊಳಗೇ ಸೇರಿಸಿ ಎರಡು ಬಾರಿ ಮರುಕಂಪೈಲ್ ಮಾಡಿದೆ. ಎರಡನೆಯ ಬಾರಿ ಪರದೆಯ ಫೋಟೊ ತೆಗೆದು ಹಿಗ್ಗಿಸಿ ನೋಡಿದಾಗ ಪಟ್ಟಿಯಲ್ಲಿ ನನ್ನ ಡಿಸ್ಕಿನ ಮೂರೂ ಪಾರ್ಟಿಷನ್ನುಗಳು ಸ್ಪಷ್ಟವಾಗಿದ್ದವು. ಬೂಟ್ ಪಾರ್ಟಿಷನ್ ಪೂರ್ತಿ ತುಂಬಿಹೋಗಿದ್ದರಿಂದ ಇನಿಟ್‌ರಾಮ್‌ಎಫ್‌ಎಸ್ ಬರೆಯುವ ಕೆಲಸ ಅರ್ಧಕ್ಕೆ ನಿಂತಿತ್ತು, ಆ ದೋಷಸಂದೇಶ ನೂರಾರು ಸಾಲುಗಳ ನಡುವೆ ನನ್ನ ಕಣ್ಣು ತಪ್ಪಿಸಿತ್ತು. ಡಿಬಗ್ ಮಾಹಿತಿಯನ್ನು ಕಿತ್ತುಹಾಕದೆ ಮಾಡ್ಯೂಲುಗಳನ್ನು (ಬೇಕಾದಾಗ ಕರ್ನೆಲ್ಲಿಗೆ ಸೇರುವ ಬಿಡಿ ತುಣುಕುಗಳನ್ನು) ಅನುಸ್ಥಾಪಿಸಿದರೆ ಇನಿಟ್‌ರಾಮ್‌ಎಫ್‌ಎಸ್ ಕಡತ ನೂರಾರು ಮೆಗಾಬೈಟಿಗೆ ಏರುತ್ತದೆ; 'ಇನ್‌ಸ್ಟಾಲ್_ಮಾಡ್_ಸ್ಟ್ರಿಪ್=1' ಎಂಬ ಒಂದೇ ಸೂಚನೆ ಅದನ್ನು ತಡೆಯುತ್ತದೆ.

ಇನ್ನುಳಿದ ಹಂತಗಳನ್ನು ಗುರುತಿಸುವುದು ಸುಲಭ. ಬ್ಯುಸಿಬಾಕ್ಸ್ ಅಥವಾ ಡ್ರಾಕಟ್‌ನ (ಇನಿಟ್‌ರಾಮ್‌ಎಫ್‌ಎಸ್ ಕಟ್ಟುವ ಉಪಕರಣದ) ಪುಟ್ಟ ಶೆಲ್ ತೆರೆದುಕೊಂಡರೆ ಇನಿಟ್‌ರಾಮ್‌ಎಫ್‌ಎಸ್ ಬಂದಿದೆ, ರೂಟ್ ಮಾತ್ರ ಸಿಕ್ಕಿಲ್ಲ. ಸೇವೆಗಳನ್ನು ಚಾಲೂ ಮಾಡುವ ಸಿಸ್ಟಮ್‌ಡಿಯ ತುರ್ತು ಶೆಲ್ ಬಂದರೆ ರೂಟ್ ಕೂಡ ಸಿಕ್ಕಿದೆ. ಪರದೆ ಕಪ್ಪಾಗಿದ್ದರೂ ಬೇರೆ ಕಂಪ್ಯೂಟರಿನಿಂದ ಎಸ್‌ಎಸ್‌ಎಚ್ ಮೂಲಕ ಒಳಗೆ ಹೋಗಲು ಆಗುತ್ತಿದ್ದರೆ ಬೂಟ್ ಪೂರ್ಣಗೊಂಡಿದೆ, ಗ್ರಾಫಿಕ್ಸ್ ಮಾತ್ರ ಸೋತಿದೆ.

ಹಳೆಯ ಕರ್ನೆಲ್ಲಿಗೆ ಮರಳುವುದು

ಕೀಬೋರ್ಡ್ ಕೈಯಲ್ಲಿದ್ದು ಬೂಟ್ ಲೋಡರ್ ಕಾಣಿಸುತ್ತಿದ್ದರೆ ಬೇರೆ ಯಾವುದನ್ನೂ ಯೋಚಿಸದೆ ಮೊದಲು ಹಿಡಿಯಬೇಕಾದ ದಾರಿ ಇದು. ಡಿಸ್ಕಿನ ಮೇಲೆ ಏನನ್ನೂ ಬದಲಾಯಿಸದ, ನಿಮ್ಮ ಎಲ್ಲ ಉಪಕರಣಗಳಿರುವ ಪರಿಚಿತ ಪರಿಸರಕ್ಕೇ ನೇರವಾಗಿ ಕರೆದೊಯ್ಯುವ ದಾರಿ ಬೇರೊಂದಿಲ್ಲ. ಡೆಬಿಯನ್, ಉಬುಂಟುಗಳಲ್ಲಿ ಗ್ರಬ್ ಎಂಬ ಬೂಟ್ ಲೋಡರಿನ ಮೆನು ಅಡಗಿದ್ದರೆ ಹಳೆಯ ಬಯೋಸ್ ಯಂತ್ರಗಳಲ್ಲಿ ಶಿಫ್ಟ್ ಕೀಲಿಯನ್ನು ಒತ್ತಿಹಿಡಿಯಬೇಕು, ಹೊಸ ಬಗೆಯ ಫರ್ಮ್‌ವೇರ್ ಇರುವ ಯುಇಎಫ್‌ಐ ಯಂತ್ರಗಳಲ್ಲಿ ಎಸ್ಕೇಪ್ ಕೀಲಿಯನ್ನು ತಟ್ಟಬೇಕು; ಬೂಟ್ ಲೋಡರ್ ಸಿಸ್ಟಮ್‌ಡಿ-ಬೂಟ್ ಆಗಿದ್ದರೆ ಸ್ಪೇಸ್ ಕೀಲಿಯನ್ನು ಒತ್ತಿಹಿಡಿದರೆ ಸಾಕು. ಗ್ರಬ್‌ನ 'ಅಡ್ವಾನ್ಸ್ಡ್ ಆಪ್ಷನ್ಸ್' ಎಂಬ ಉಪಮೆನುವಿನಲ್ಲಿ ಹಿಂದಿನ ಕರ್ನೆಲ್ಲುಗಳು ಸಿಗುತ್ತವೆ. ಫೆಡೋರಾ ರೂಢಿಯಂತೆ ಮೂರು ಕರ್ನೆಲ್ಲುಗಳನ್ನು ಉಳಿಸಿಕೊಳ್ಳುತ್ತದೆ, ಜೊತೆಗೆ ಒಂದು ರಕ್ಷಣಾ ನಮೂದೂ ಇರುತ್ತದೆ. ಆರ್ಚ್‌ನಲ್ಲಿ ಹೊಸ ಪ್ಯಾಕೇಜು ಹಳೆಯದನ್ನು ಅಳಿಸಿಯೇ ಕೂರುತ್ತದೆಯಾದ್ದರಿಂದ, ಅಲ್ಲಿ ಪ್ರಯೋಗಕ್ಕಿಳಿಯುವವರು ಎಲ್‌ಟಿಎಸ್ (ದೀರ್ಘಕಾಲ ಬೆಂಬಲವಿರುವ) ಕರ್ನೆಲ್ಲನ್ನು ಪಕ್ಕದಲ್ಲಿ ಇಟ್ಟುಕೊಳ್ಳುವುದು ಕಡ್ಡಾಯವೆಂದೇ ತಿಳಿಯಬೇಕು.

ಈ ದಾರಿ ಸೋಲುವ ಒಂದು ಸಂದರ್ಭವಿದೆ, ಮತ್ತು ಅದನ್ನು ತಂದುಕೊಳ್ಳುವವರು ನಾವೇ. ಚಾಲ್ತಿಯಲ್ಲಿರುವ ಕರ್ನೆಲ್ಲಿನ ಆವೃತ್ತಿಯ ಹೆಸರನ್ನೇ ಹೊಸದಕ್ಕೂ ಬಿಟ್ಟರೆ ಅದರ ಮಾಡ್ಯೂಲುಗಳು ಹಳೆಯ ಮಾಡ್ಯೂಲುಗಳ ಡೈರೆಕ್ಟರಿಯೊಳಗೇ ಹೋಗಿ ಕೂರುತ್ತವೆ. ಆಗ ಮೆನುವಿನಲ್ಲಿ '.ಓಲ್ಡ್' ಎಂಬ ಬಾಲದೊಂದಿಗೆ ಹಳೆಯ ಕರ್ನೆಲ್ ಕಾಣಿಸಿದರೂ, ಅದು ಮೇಲೆದ್ದ ಮೇಲೆ ತನ್ನದಲ್ಲದ ಮಾಡ್ಯೂಲುಗಳನ್ನು ತೆರೆಯಲು ಹೋಗಿ ವೈಫೈ, ಧ್ವನಿ, ಗ್ರಾಫಿಕ್ಸ್ ಎಲ್ಲದರಲ್ಲೂ ಎಡವುತ್ತದೆ. ಕಾನ್ಫಿಗರೇಷನ್ನಿನ 'ಲೋಕಲ್‌ವರ್ಷನ್' ಎಂಬ ಜಾಗದಲ್ಲಿ ಒಂದು ಸಣ್ಣ ಬಾಲಪದವನ್ನು ಸೇರಿಸಿದರೆ ಎರಡೂ ಬೇರೆ ಬೇರೆ ಮನೆಗಳಲ್ಲಿ ಇರುತ್ತವೆ. ಪ್ರತಿ ಪ್ರಯೋಗಕ್ಕೂ ಬೇರೆ ಬಾಲಪದವನ್ನು ಕೊಡಿ ಎಂದು ನಾನು ಒತ್ತಿ ಹೇಳುತ್ತೇನೆ.

ಬೂಟ್ ಸಾಲನ್ನು ತಿದ್ದಿ ಅದೇ ಕರ್ನೆಲ್ಲನ್ನು ಎಬ್ಬಿಸುವುದು

ಹಳೆಯ ಕರ್ನೆಲ್ ನಿಮ್ಮನ್ನು ಒಳಗೆ ಬಿಡುತ್ತದೆ, ಆದರೆ ಹೊಸದು ಏಕೆ ಸೋತಿತೆಂದು ಹೇಳುವುದಿಲ್ಲ. ಅದಕ್ಕಾಗಿ ಹೊಸದನ್ನೇ ಮತ್ತೊಮ್ಮೆ, ಬೇರೆ ಸೂಚನೆಗಳೊಂದಿಗೆ ಎಬ್ಬಿಸಬೇಕು. ಗ್ರಬ್ ಮೆನುವಿನಲ್ಲಿ ನಮೂದಿನ ಮೇಲೆ 'ಇ' ಒತ್ತಿ ಸಾಲನ್ನು ತಿದ್ದಿ, ಕಂಟ್ರೋಲ್ ಮತ್ತು ಎಕ್ಸ್ ಒತ್ತಿದರೆ ಆ ತಿದ್ದುಪಡಿ ಆ ಒಂದು ಬೂಟಿಗೆ ಮಾತ್ರ ಅನ್ವಯಿಸುತ್ತದೆ. ತಪ್ಪಿದರೂ ಏನೂ ಉಳಿಯುವುದಿಲ್ಲ ಎಂಬುದೇ ಇದರ ದೊಡ್ಡ ಗುಣ.

ಮೊದಲು ಮಾಡಬೇಕಾದದ್ದು 'ಕ್ವೈಟ್' ಮತ್ತು 'ಸ್ಪ್ಲಾಶ್' ಎಂಬ ಪದಗಳನ್ನು ಅಳಿಸುವುದು. ಅವು ಇರುವವರೆಗೂ ಕರ್ನೆಲ್ ತನ್ನ ನೋವನ್ನು ಹೇಳಿಕೊಳ್ಳುವುದೇ ಇಲ್ಲ. ಪರದೆ ಕಪ್ಪಾಗುವುದು ಗ್ರಾಫಿಕ್ಸ್ ಡ್ರೈವರಿನಿಂದ ಎಂಬ ಸಂಶಯವಿದ್ದರೆ 'ನೋಮೋಡ್‌ಸೆಟ್' ಸೇರಿಸಿ. ಎನ್‌ವಿಡಿಯಾದ ಡ್ರೈವರಿನಂತಹ ಹೊರಗಿನ ಮಾಡ್ಯೂಲುಗಳನ್ನು ಬಳಸುವವರಿಗೆ ಇದು ಬಹಳ ಬಾರಿ ಬೇಕಾಗುತ್ತದೆ, ಏಕೆಂದರೆ ಅಂಥವನ್ನು ಪ್ರತಿಯೊಂದು ಹೊಸ ಕರ್ನೆಲ್ಲಿಗೂ ಡಿಕೆಎಂಎಸ್ ಎಂಬ ಉಪಕರಣದ ಮೂಲಕ ಮತ್ತೆ ಕಟ್ಟಬೇಕು ಮತ್ತು ಆ ಕರ್ನೆಲ್ಲಿನ ಹೆಡರ್ ಕಡತಗಳಿಲ್ಲದೆ ಆ ಕೆಲಸ ನಡೆಯುವುದಿಲ್ಲ. ರೂಟ್ ಸಿಕ್ಕಿದ ಮೇಲೆ ಯಾವುದೋ ಸೇವೆ ಕೆಡುತ್ತಿದ್ದರೆ 'ಸಿಸ್ಟಮ್‌ಡಿ.ಯುನಿಟ್=ರೆಸ್ಕ್ಯೂ.ಟಾರ್ಗೆಟ್' ಎಂಬ ಸೂಚನೆ ಕನಿಷ್ಠ ಪರಿಸರಕ್ಕೆ ತಂದು ನಿಲ್ಲಿಸುತ್ತದೆ.

ಇದರ ಮಿತಿಯೂ ಅಷ್ಟೇ ಸ್ಪಷ್ಟ. ಕರ್ನೆಲ್ಲಿನಲ್ಲಿ ಇಲ್ಲದ ಡ್ರೈವರನ್ನು ಯಾವ ಬೂಟ್ ಸೂಚನೆಯೂ ತಂದುಕೊಡಲಾರದು. ಪಾರ್ಟಿಷನ್ ಪಟ್ಟಿ ಖಾಲಿ ಬಂದಿದ್ದರೆ ಇಲ್ಲಿ ಕಾಲ ಕಳೆಯದೆ ಹಳೆಯ ಕರ್ನೆಲ್ಲಿಗೆ ಹೋಗಿ ಕಾನ್ಫಿಗರೇಷನ್ನನ್ನು ತಿದ್ದಬೇಕು.

ಲೈವ್ ಯುಎಸ್‌ಬಿ ಮತ್ತು ಕ್ರೂಟ್

ಹಳೆಯ ಕರ್ನೆಲ್ಲೇ ಉಳಿದಿಲ್ಲ, ಅಥವಾ ಬೂಟ್ ಲೋಡರಿನ ಸಂರಚನೆಯೇ ಕೆಟ್ಟಿದೆ ಎನ್ನುವಾಗ ಈ ದಾರಿ. ಇದರ ವ್ಯಾಪ್ತಿ ಎಲ್ಲಕ್ಕಿಂತ ದೊಡ್ಡದು, ತಪ್ಪುಗಳಿಗೆ ಅವಕಾಶವೂ ಎಲ್ಲಕ್ಕಿಂತ ಹೆಚ್ಚು. ಯಾವುದೇ ವಿತರಣೆಯ ಲೈವ್ ಪರಿಸರದಿಂದ ಬೂಟ್ ಮಾಡಿ, ನಿಮ್ಮ ರೂಟ್ ಪಾರ್ಟಿಷನ್ನನ್ನು ಒಂದು ಡೈರೆಕ್ಟರಿಗೆ ಮೌಂಟ್ ಮಾಡಿ, ಬೂಟ್ ಮತ್ತು ಇಎಫ್‌ಐ ಪಾರ್ಟಿಷನ್ನುಗಳನ್ನು ಅದರೊಳಗೆ ಅವುಗಳ ಜಾಗದಲ್ಲಿ ಮೌಂಟ್ ಮಾಡಿ, ಡೆವ್, ಪ್ರಾಕ್, ಸಿಸ್, ರನ್ ಎಂಬ ನಾಲ್ಕನ್ನೂ ಬೈಂಡ್ ಮಾಡಿ, ಕ್ರೂಟ್ ಕಮಾಂಡಿನಿಂದ ಒಳಗೆ ಹೋದರೆ ನಿಮ್ಮ ವ್ಯವಸ್ಥೆಯೊಳಗೇ ಕುಳಿತು ಕೆಲಸ ಮಾಡಿದಂತಾಗುತ್ತದೆ. ಆರ್ಚ್‌ನ ಲೈವ್ ಮಾಧ್ಯಮದಲ್ಲಿರುವ 'ಆರ್ಚ್-ಕ್ರೂಟ್' ಬೈಂಡ್ ಮಾಡುವ ಕೆಲಸವನ್ನು ತಾನೇ ಮಾಡುತ್ತದೆ. ಒಳಗೆ ಹೋದ ಮೇಲೆ ವಿತರಣೆಯ ಅಧಿಕೃತ ಕರ್ನೆಲ್ಲನ್ನು ಪ್ಯಾಕೇಜಿನಿಂದ ಮತ್ತೆ ಅನುಸ್ಥಾಪಿಸಿ, ಇನಿಟ್‌ರಾಮ್‌ಎಫ್‌ಎಸ್ ಕಟ್ಟಿ, ಗ್ರಬ್ ಸಂರಚನೆಯನ್ನು ಹೊಸದಾಗಿ ಬರೆಯಿಸಬಹುದು.

ಹೇಳುವುದಕ್ಕೆ ಸುಲಭವಾದರೂ ಎಡವುವ ಜಾಗಗಳು ನಾಲ್ಕಿವೆ, ಅವನ್ನು ಬಿಟ್ಟು ಮುಂದೆ ಹೋಗಲು ನನಗೆ ಮನಸ್ಸಿಲ್ಲ. ಬೂಟ್ ಪಾರ್ಟಿಷನ್ ಪ್ರತ್ಯೇಕವಾಗಿದ್ದು ಅದನ್ನು ಮೌಂಟ್ ಮಾಡಲು ಮರೆತರೆ, ಹೊಸ ಕರ್ನೆಲ್ ಮತ್ತು ಇನಿಟ್‌ರಾಮ್‌ಎಫ್‌ಎಸ್ ರೂಟ್ ಪಾರ್ಟಿಷನ್ನಿನ ಖಾಲಿ ಬೂಟ್ ಡೈರೆಕ್ಟರಿಯಲ್ಲಿ ಬಿದ್ದಿರುತ್ತವೆ; ಎಲ್ಲ ಕಮಾಂಡುಗಳೂ ಯಶಸ್ವಿ ಎನ್ನುತ್ತವೆ, ಮರುಬೂಟಿನಲ್ಲಿ ಮಾತ್ರ ಏನೂ ಬದಲಾಗಿರುವುದಿಲ್ಲ. ಕ್ರೂಟ್ ಒಳಗೆ 'ಯುನೇಮ್' ಕೇಳಿದರೆ ಅದು ಲೈವ್ ಪರಿಸರದ ಕರ್ನೆಲ್ಲಿನ ಆವೃತ್ತಿಯನ್ನೇ ಹೇಳುತ್ತದೆ, ಆದ್ದರಿಂದ ಡ್ರಾಕಟ್‌ನಂತಹ ಉಪಕರಣಗಳಿಗೆ ಯಾವ ಆವೃತ್ತಿಗೆ ಕಟ್ಟಬೇಕೆಂಬುದನ್ನು ನೀವೇ ಬರೆದು ಕೊಡಬೇಕು. ಎನ್‌ಕ್ರಿಪ್ಟ್ ಆದ ಡಿಸ್ಕನ್ನು ತೆರೆಯುವಾಗ ಅದಕ್ಕೆ ಮನಬಂದ ಹೆಸರು ಕೊಡದೆ ಕ್ರಿಪ್ಟ್‌ಟ್ಯಾಬ್ ಕಡತದಲ್ಲಿರುವ ಹೆಸರನ್ನೇ ಕೊಡಬೇಕು. ಇಲ್ಲದಿದ್ದರೆ ಡೆಬಿಯನ್ ಕುಟುಂಬದಲ್ಲಿ ಡಿಸ್ಕ್ ತೆರೆಯುವ ಭಾಗವೇ ಇಲ್ಲದ ಇನಿಟ್‌ರಾಮ್‌ಎಫ್‌ಎಸ್ ಕಟ್ಟಿಕೊಳ್ಳುವ ಸಾಧ್ಯತೆಯಿದೆ, ಮತ್ತು ಮುಂದಿನ ಬೂಟ್ ಮೊದಲಿಗಿಂತ ಕೆಟ್ಟದಾಗಿ ನಿಲ್ಲುತ್ತದೆ. ಕೊನೆಯದಾಗಿ, ಯುಎಸ್‌ಬಿಯನ್ನು ಯುಇಎಫ್‌ಐ ವಿಧಾನದಲ್ಲೇ ಬೂಟ್ ಮಾಡಿರಬೇಕು; ಹಳೆಯ ಬಯೋಸ್ ವಿಧಾನದಲ್ಲಿ ಎದ್ದಿದ್ದರೆ ಗ್ರಬ್ ಅನುಸ್ಥಾಪನೆಗೆ ಫರ್ಮ್‌ವೇರಿನ ಬೂಟ್ ಪಟ್ಟಿಯನ್ನು ಮುಟ್ಟಲಾಗುವುದಿಲ್ಲ.

ಗ್ರಬ್ ತನ್ನ ಸಂರಚನಾ ಕಡತವನ್ನಷ್ಟೇ ಕಳೆದುಕೊಂಡು ಬರಿಯ ಪ್ರಾಂಪ್ಟಿಗೆ ಬಂದು ನಿಂತಿದ್ದರೆ ಯುಎಸ್‌ಬಿ ಹುಡುಕುವ ಮೊದಲು ಅಲ್ಲೇ ಒಮ್ಮೆ ಪ್ರಯತ್ನಿಸಿ. 'ಎಲ್‌ಎಸ್' ಕಮಾಂಡಿನಿಂದ ಪಾರ್ಟಿಷನ್ನುಗಳನ್ನು ನೋಡಿ, ರೂಟನ್ನು ಗೊತ್ತುಮಾಡಿ, 'ಲಿನಕ್ಸ್' ಮತ್ತು 'ಇನಿಟ್‌ಆರ್‌ಡಿ' ಕಮಾಂಡುಗಳಿಗೆ ಹಳೆಯ ಕಡತಗಳ ಹೆಸರು ಕೊಟ್ಟು 'ಬೂಟ್' ಎಂದರೆ ಸಾಕು. ಟ್ಯಾಬ್ ಕೀಲಿ ಕಡತಗಳ ಹೆಸರನ್ನು ಪೂರ್ತಿಮಾಡಿ ಕೊಡುತ್ತದೆ.

ಸ್ನ್ಯಾಪ್‌ಶಾಟ್ ಸಾಕೇ?

ಬಿಟಿಆರ್‌ಎಫ್‌ಎಸ್ ಸ್ನ್ಯಾಪ್‌ಶಾಟ್ (ಒಂದು ಗಳಿಗೆಯ ಸ್ಥಿತಿಯ ಉಳಿಸಿದ ಪ್ರತಿ) ಇದ್ದರೆ ಇದಾವುದೂ ಬೇಡವೆಂಬ ಮಾತನ್ನು ಆಗಾಗ ಕೇಳುತ್ತೇನೆ. ಬೂಟ್ ಡೈರೆಕ್ಟರಿಯೂ ಸ್ನ್ಯಾಪ್‌ಶಾಟಿನೊಳಗೇ ಇರುವ ಓಪನ್‌ಸೂಸೆಯಂತಹ ವ್ಯವಸ್ಥೆಯಲ್ಲಿ ಅದು ಬಹುಮಟ್ಟಿಗೆ ನಿಜ. ಅಲ್ಲಿ ಗ್ರಬ್ ಮೆನುವಿನಿಂದಲೇ ಹಿಂದಿನ ಸ್ನ್ಯಾಪ್‌ಶಾಟನ್ನು ಆರಿಸಿ ಬೂಟ್ ಮಾಡಬಹುದು. ಆದರೆ ಬೂಟ್ ಪ್ರತ್ಯೇಕ ಎಕ್ಸ್‌ಟಿ4 ಪಾರ್ಟಿಷನ್ನಿನಲ್ಲಿದ್ದರೆ ಸ್ನ್ಯಾಪ್‌ಶಾಟಿಗೆ ಮರಳಿದಾಗ ಮಾಡ್ಯೂಲುಗಳು ಹಿಂದಕ್ಕೆ ಹೋಗುತ್ತವೆ, ಕರ್ನೆಲ್ ಹಿಂದಕ್ಕೆ ಹೋಗುವುದಿಲ್ಲ. ಒಂದಕ್ಕೊಂದು ಹೊಂದದ ಆ ಜೋಡಿ ಮೊದಲಿನ ಸಮಸ್ಯೆಗಿಂತ ಗೊಂದಲಕಾರಿ. ಅಂಥ ವಿನ್ಯಾಸದಲ್ಲಿ ಎರಡು ಕರ್ನೆಲ್ಲುಗಳನ್ನು ಇಟ್ಟುಕೊಳ್ಳುವುದೇ ಮೇಲು.

ಯಂತ್ರ ದೂರದಲ್ಲಿದ್ದಾಗ

ಇಲ್ಲಿ ಲೆಕ್ಕ ತಿರುವುಮುರುವಾಗುತ್ತದೆ. ಮೆನುವಿನ ಮುಂದೆ ಯಾರೂ ಕುಳಿತಿಲ್ಲವಾದ್ದರಿಂದ ಚೇತರಿಕೆಯನ್ನು ಮರುಬೂಟಿಗೆ ಮೊದಲೇ ಆರಿಸಿ ಸಿದ್ಧಪಡಿಸಬೇಕು.

ಸರಳವಾದದ್ದು ಒಮ್ಮೆ ಮಾತ್ರದ ಬೂಟ್. ಗ್ರಬ್ ಸಂರಚನೆಯಲ್ಲಿ ಪೂರ್ವನಿಯೋಜಿತ ಆಯ್ಕೆಯನ್ನು 'ಸೇವ್ಡ್' ಎಂದಿಟ್ಟು, ಹಳೆಯ ಕರ್ನೆಲ್ಲನ್ನು ಕಾಯಂ ಆಗಿ ಗೊತ್ತುಮಾಡಿ, 'ಗ್ರಬ್-ರೀಬೂಟ್' ಕಮಾಂಡಿನಿಂದ ಹೊಸದನ್ನು ಮುಂದಿನ ಒಂದೇ ಬೂಟಿಗೆ ಸೂಚಿಸಬೇಕು. ಜೊತೆಗೆ ಕರ್ನೆಲ್ ಸಾಲಿನಲ್ಲಿ 'ಪ್ಯಾನಿಕ್=10' ಇರಬೇಕು. ಅದಿಲ್ಲದಿದ್ದರೆ ಪ್ಯಾನಿಕ್ ಆದ ಕರ್ನೆಲ್ ಸಾಮಾನ್ಯವಾಗಿ ಯಾರಾದರೂ ಬರಲಿ ಎಂದು ಕಾಯುತ್ತಲೇ ಇರುತ್ತದೆ. ಇದ್ದರೆ 10 ಸೆಕೆಂಡಿನ ನಂತರ ತಾನೇ ಮರುಬೂಟ್ ಆಗಿ ಹಳೆಯದಕ್ಕೆ ಬರುತ್ತದೆ. ಡೆಬಿಯನ್ ಮಾದರಿಯ ಇನಿಟ್‌ರಾಮ್‌ಎಫ್‌ಎಸ್ ಕೂಡ ಈ ಸೂಚನೆಯನ್ನು ನೋಡಿ ಶೆಲ್ ತೆರೆಯುವ ಬದಲು ಮರುಬೂಟ್ ಮಾಡುತ್ತದೆ. ಡ್ರಾಕಟ್ ಇರುವಲ್ಲಿ ಅದೇ ಕೆಲಸಕ್ಕೆ 'ಆರ್‌ಡಿ.ಶೆಲ್=0' ಮತ್ತು 'ಆರ್‌ಡಿ.ಎಮರ್ಜೆನ್ಸಿ=ರೀಬೂಟ್' ಎಂಬೆರಡು ಸೂಚನೆಗಳನ್ನು ಕೊಡಬೇಕು.

ಈ ಉಪಾಯದಲ್ಲಿ ಒಂದು ಅಪಾಯ ಅಡಗಿದೆ. ಒಮ್ಮೆ ಮಾತ್ರ ಎಂಬ ಗುರುತನ್ನು ಗ್ರಬ್ ಬೂಟ್ ಸಮಯದಲ್ಲಿ ತಾನೇ ಅಳಿಸಬೇಕು, ಅಂದರೆ ಡಿಸ್ಕಿಗೆ ಬರೆಯಬೇಕು. ಬೂಟ್ ಡೈರೆಕ್ಟರಿಯು ಹಲವು ಡಿಸ್ಕುಗಳನ್ನು ಒಂದಾಗಿ ತೋರಿಸಬಲ್ಲ ಪದರಗಳಾದ ಎಲ್‌ವಿಎಂ ಅಥವಾ ಸಾಫ್ಟ್‌ವೇರ್ ರೇಡ್ ಮೇಲಿದ್ದರೆ ಗ್ರಬ್ ಅದನ್ನು ಓದಬಲ್ಲದು, ಬರೆಯಲಾರದು. ಆಗ ಗುರುತು ಅಳಿಯುವುದೇ ಇಲ್ಲ, ಕೆಟ್ಟ ಕರ್ನೆಲ್ಲೇ ಮತ್ತೆ ಮತ್ತೆ ಬೂಟ್ ಆಗುತ್ತ ಯಂತ್ರ ಕೈತಪ್ಪುತ್ತದೆ. ಸರ್ವರುಗಳಲ್ಲೇ ಇಂಥ ವಿನ್ಯಾಸ ಹೆಚ್ಚು ಎಂಬುದನ್ನು ಮರೆಯಬಾರದು. ಒಳ್ಳೆಯ ಕರ್ನೆಲ್ಲನ್ನೇ 'ಗ್ರಬ್-ರೀಬೂಟ್' ಮೂಲಕ ಒಮ್ಮೆ ಸೂಚಿಸಿ, ಎರಡು ಬಾರಿ ಮರುಬೂಟ್ ಮಾಡಿ, ಗುರುತು ಅಳಿಯಿತೇ ಎಂದು ಮೊದಲು ಪರೀಕ್ಷಿಸಿ.

ಸಿಸ್ಟಮ್‌ಡಿ-ಬೂಟ್ ಬಳಸುವವರಿಗೆ ಇದಕ್ಕಿಂತ ಸೊಗಸಾದ ಏರ್ಪಾಡಿದೆ. ಸಿಸ್ಟಮ್‌ಡಿಯ 240ನೇ ಆವೃತ್ತಿಯಲ್ಲಿ, ಅಂದರೆ 2018ರಲ್ಲಿ ಬಂದ ಬೂಟ್ ಎಣಿಕೆಯ ಕ್ರಮದಲ್ಲಿ ನಮೂದಿನ ಕಡತದ ಹೆಸರಿನ ಕೊನೆಗೆ ('.ಕಾನ್ಫ್' ಬಾಲಕ್ಕೆ ಮೊದಲು) '+3' ಎಂದು ಸೇರಿಸಿದರೆ, ಪ್ರತಿ ಪ್ರಯತ್ನಕ್ಕೂ ಬೂಟ್ ಲೋಡರ್ ಆ ಹೆಸರನ್ನೇ ಬದಲಾಯಿಸುತ್ತದೆ. ಮೊದಲ ಪ್ರಯತ್ನದಲ್ಲಿ ಅದು '+2-1' ಆಗುತ್ತದೆ. ಬೂಟ್ ಯಶಸ್ವಿಯಾದರೆ ಎಣಿಕೆ ಅಳಿಯುತ್ತದೆ. ಮೂರೂ ಪ್ರಯತ್ನ ಸೋತರೆ ಆ ನಮೂದು ಪಟ್ಟಿಯ ಕೊನೆಗೆ ಸರಿದು ಹಳೆಯದು ಮುಂದೆ ಬರುತ್ತದೆ. ಇಎಫ್‌ಐ ಪಾರ್ಟಿಷನ್ನಿನ ಮೇಲೆ ಕಡತದ ಹೆಸರಷ್ಟೇ ಬದಲಾಗುವುದರಿಂದ ಎಲ್‌ವಿಎಂನ ತೊಡಕು ಇಲ್ಲಿಲ್ಲ. ಎರಡೂ ಸಾಧ್ಯವಿದ್ದರೆ ನಾನು ಇದನ್ನೇ ಆರಿಸುತ್ತೇನೆ.

ಪ್ಯಾನಿಕ್ ಕೂಡ ಆಗದೆ ಕರ್ನೆಲ್ ಸುಮ್ಮನೆ ಸ್ತಬ್ಧವಾದರೆ ಇವೆರಡೂ ನಿರರ್ಥಕ. ಅದಕ್ಕೆ ಸ್ತಬ್ಧವಾದ ಯಂತ್ರವನ್ನು ತಾನೇ ಮರುಬೂಟ್ ಮಾಡುವ ಹಾರ್ಡ್‌ವೇರ್ ವಾಚ್‌ಡಾಗ್ ಬೇಕು, ಅಥವಾ ಯಂತ್ರವನ್ನು ದೂರದಿಂದ ನಿಯಂತ್ರಿಸುವ ಐಪಿಎಂಐ ಮೂಲಕ ವಿದ್ಯುತ್ತನ್ನು ಕಡಿದು ಕೊಡುವ ಅನುಕೂಲ ಬೇಕು. ಐಪಿಎಂಐ ಇದ್ದರೆ ಸೀರಿಯಲ್ ಕನ್ಸೋಲನ್ನೂ ಚಾಲೂ ಮಾಡಿಡಿ. ಗ್ರಬ್ ಮೆನು ದೂರದಿಂದಲೇ ಕಾಣಿಸುವಾಗ ನೀವು ಮತ್ತೆ ಮೊದಲ ದಾರಿಗೇ ಬಂದಂತೆ. ಕ್ಲೌಡ್ ಯಂತ್ರವಾಗಿದ್ದರೆ ಅದರ ಡಿಸ್ಕನ್ನು ಬಿಡಿಸಿ ಇನ್ನೊಂದು ಯಂತ್ರಕ್ಕೆ ಜೋಡಿಸುವುದು ಲೈವ್ ಯುಎಸ್‌ಬಿಗೆ ಸಮನಾದ ಕ್ರಮ.

ಕೆಎಕ್ಸೆಕ್ ಬಗ್ಗೆ ಒಂದು ಮಾತು. ಚಾಲ್ತಿಯಲ್ಲಿರುವ ಕರ್ನೆಲ್ಲಿನಿಂದ ನೇರವಾಗಿ ಹೊಸದಕ್ಕೆ ಜಿಗಿಯುವ ಈ ವಿಧಾನದಲ್ಲಿ ಬೂಟ್ ಲೋಡರಿನ ಸಂರಚನೆ ಬದಲಾಗುವುದೇ ಇಲ್ಲವಾದ್ದರಿಂದ, ಹೊಸದು ಸೋತರೆ ವಿದ್ಯುತ್ ಕಡಿದು ಕೊಟ್ಟೊಡನೆ ಹಳೆಯದೇ ಬರುತ್ತದೆ. ಆದರೆ ಫರ್ಮ್‌ವೇರ್ ಹಂತವನ್ನು ಹಾಯದೆ ಬರುವ ಸಾಧನಗಳು, ಅದರಲ್ಲೂ ಗ್ರಾಫಿಕ್ಸ್ ಕಾರ್ಡುಗಳು, ಅರೆಬರೆ ಸ್ಥಿತಿಯಲ್ಲಿ ಉಳಿಯಬಹುದು. ಇಲ್ಲಿ ಗೆದ್ದ ಕರ್ನೆಲ್ ನಿಜವಾದ ಬೂಟಿನಲ್ಲೂ ಗೆಲ್ಲುತ್ತದೆಂಬ ಖಾತರಿಯಿಲ್ಲ.

ಲಿನಕ್ಸಿನ ಹೊರಗೆ, ಫ್ರೀಬಿಎಸ್‌ಡಿ ವ್ಯವಸ್ಥೆಯಲ್ಲಿ ಕರ್ನೆಲ್ ಕಟ್ಟುವವರಿಗೆ ಹಾದಿ ಇಷ್ಟು ಕವಲೊಡೆದಿಲ್ಲ. ಅನುಸ್ಥಾಪನೆಯ ವೇಳೆ ಹಿಂದಿನ ಕರ್ನೆಲ್ 'ಕರ್ನೆಲ್.ಓಲ್ಡ್' ಎಂಬ ಡೈರೆಕ್ಟರಿಗೆ ತಾನಾಗಿ ಸರಿಯುತ್ತದೆ, ಲೋಡರಿನ ಪ್ರಾಂಪ್ಟಿನಿಂದ ಅದನ್ನು ಹೆಸರಿಸಿ ಬೂಟ್ ಮಾಡಬಹುದು, ಒಮ್ಮೆ ಮಾತ್ರದ ಪರೀಕ್ಷೆಗೆ 'ನೆಕ್ಸ್ಟ್‌ಬೂಟ್' ಇದೆ. ಸತತ ಪ್ರಯೋಗಗಳಲ್ಲಿ ಆ ಹೆಸರಿನ ಕೆಳಗೆ ಏನಿದೆ ಎಂಬುದು ಬದಲಾಗುತ್ತ ಹೋಗುವುದರಿಂದ, ಒಳ್ಳೆಯ ಕರ್ನೆಲ್ಲಿನ ಇನ್ನೊಂದು ಪ್ರತಿಯನ್ನು ಬೇರೆ ಹೆಸರಿನಲ್ಲಿ ಇಟ್ಟಿರಬೇಕು.

ಇಡೀ ವ್ಯವಸ್ಥೆಯನ್ನು ಹೊಸದಾಗಿ ಅನುಸ್ಥಾಪಿಸುವುದನ್ನು ನಾನು ಒಂದು ಆಯ್ಕೆಯಾಗಿ ಎಣಿಸಿಲ್ಲ. ಕರ್ನೆಲ್ ಸೋಲಿಗೆ ಅದು ಬೇಕಾಗುವುದಿಲ್ಲ.

ಒಳಗೆ ಬಂದ ಮೇಲೆ

ಹಳೆಯ ಕರ್ನೆಲ್ಲಿನಿಂದ ಒಳಗೆ ಬಂದವರು ತಕ್ಷಣ 'ಜರ್ನಲ್‌ಸಿಟಿಎಲ್' ತೆರೆದು ಹಿಂದಿನ ಬೂಟಿನ ದಾಖಲೆಯನ್ನು ಕೇಳುತ್ತಾರೆ. ರೂಟ್ ಸಿಗುವ ಮೊದಲೇ ಪ್ಯಾನಿಕ್ ಆಗಿದ್ದರೆ ಆ ಬೂಟಿನ ದಾಖಲೆ ಡಿಸ್ಕನ್ನು ಮುಟ್ಟಿಯೇ ಇರುವುದಿಲ್ಲ. 'ಹಿಂದಿನ ಬೂಟ್' ಎಂದು ತೋರಿಸುವುದು ಅದಕ್ಕೂ ಮೊದಲಿನ, ಯಶಸ್ವಿಯಾದ ಬೂಟನ್ನು. ಅದರಲ್ಲಿ ದೋಷ ಹುಡುಕುತ್ತ ಕುಳಿತರೆ ದಾರಿ ತಪ್ಪುತ್ತದೆ, ಆದ್ದರಿಂದ ದಿನಾಂಕ ಮತ್ತು ಕರ್ನೆಲ್ ಆವೃತ್ತಿಯನ್ನು ಮೊದಲು ತಾಳೆ ನೋಡಿ. ಯುಇಎಫ್‌ಐ ಯಂತ್ರಗಳಲ್ಲಿ ಪಿಸ್ಟೋರ್ ಬೆಂಬಲ ಇದ್ದರೆ ಪ್ಯಾನಿಕ್‌ನ ಕೊನೆಯ ಸಾಲುಗಳು ಫರ್ಮ್‌ವೇರಿನ ನೆನಪಿನಲ್ಲಿ ಉಳಿದಿರುತ್ತವೆ. ಸಿಸ್ಟಮ್‌ಡಿ ಅವನ್ನು ತನ್ನ ಪಿಸ್ಟೋರ್ ಡೈರೆಕ್ಟರಿಗೆ ಎತ್ತಿಡುತ್ತದೆ. ಏನೂ ಇಲ್ಲದಿದ್ದರೆ ಫೋನಿನಲ್ಲಿ ತೆಗೆದ ಪರದೆಯ ಫೋಟೊವೇ ಆಧಾರ.

ಆಮೇಲೆ ಕರ್ನೆಲ್ ಮೂಲದ 'ಸ್ಕ್ರಿಪ್ಟ್ಸ್' ಡೈರೆಕ್ಟರಿಯಲ್ಲಿರುವ 'ಡಿಫ್‌ಕಾನ್ಫಿಗ್' ಉಪಕರಣಕ್ಕೆ ಕೆಲಸ ಮಾಡುವ ಕರ್ನೆಲ್ಲಿನ ಕಾನ್ಫಿಗ್ ಕಡತವನ್ನೂ ಸೋತ ಕರ್ನೆಲ್ಲಿನದನ್ನೂ ಕೊಡಿ. 'ಲೋಕಲ್‌ಮಾಡ್‌ಕಾನ್ಫಿಗ್' ಬಳಸಿ ಕಟ್ಟಿದವರಿಗೆ ಸಾವಿರಾರು ಸಾಲುಗಳು ಬರಬಹುದು, ಏಕೆಂದರೆ ಅದು ಆ ಗಳಿಗೆಯಲ್ಲಿ ಲೋಡ್ ಆಗಿದ್ದ ಮಾಡ್ಯೂಲುಗಳನ್ನು ಮಾತ್ರ ಉಳಿಸುತ್ತದೆ. ಎಲ್ಲವನ್ನೂ ಓದಬೇಕಾಗಿಲ್ಲ. ಡಿಸ್ಕ್ ಡ್ರೈವರುಗಳಾದ ಎನ್‌ವಿಎಂಇ ಮತ್ತು ಎಎಚ್‌ಸಿಐ, ನಿಮ್ಮ ರೂಟ್ ಫೈಲ್ ಸಿಸ್ಟಮ್, ಡೆವ್‌ಟಿಎಂಪಿಎಫ್‌ಎಸ್, ಇನಿಟ್‌ಆರ್‌ಡಿ ಬೆಂಬಲ, ಮತ್ತು ನಿಮ್ಮ ಇನಿಟ್‌ರಾಮ್‌ಎಫ್‌ಎಸ್ ಯಾವ ವಿಧಾನದಿಂದ ಸಂಕುಚಿತವಾಗಿದೆಯೋ ಅದನ್ನು ಬಿಚ್ಚುವ ಆಯ್ಕೆ, ಈ ಐದರ ಸಾಲುಗಳನ್ನು ಮೊದಲು ಹುಡುಕಿ. ಕೊನೆಯದನ್ನು ವಿಶೇಷವಾಗಿ ನೋಡಿ: ಝಡ್‌ಸ್ಟ್ಯಾಂಡರ್ಡ್‌ನಿಂದ ಸಂಕುಚಿಸಿದ ಇನಿಟ್‌ರಾಮ್‌ಎಫ್‌ಎಸ್ ಸರಿಯಾದ ಜಾಗದಲ್ಲಿ, ಸರಿಯಾದ ಗಾತ್ರದಲ್ಲಿ ಇದ್ದರೂ ಕರ್ನೆಲ್ಲಿನಲ್ಲಿ ಆ ಆಯ್ಕೆ ಇಲ್ಲದಿದ್ದರೆ ಪರದೆಯ ಮೇಲೆ ಬರುವುದು ಅದೇ ಎರಡು ಸೊನ್ನೆಗಳ ಪ್ಯಾನಿಕ್.